ಹೊತ್ತ ಮಣ್ಣು

ನಮ್ಮ ಚರ್ಚಿನ ಚರಿತ್ರೆ ಹೇಳುವವರೆಲ್ಲ ಕಲ್ಲಿನಿಂದ ಶುರು ಮಾಡುತ್ತಾರೆ. ಕಲ್ಲು ದೋಣಿಯವರದು. ನಾನು ಮಣ್ಣಿನಿಂದ ಶುರು ಮಾಡುತ್ತೇನೆ. ಮಣ್ಣು ನಮ್ಮದು. ಅಂದರೆ, ಹೊತ್ತವರು ನಾವು.

ದ್ವೀಪ ಅಂದರೆ ದೊಡ್ಡದೇನಲ್ಲ, ಒಂದು ಬಂಡೆ. ಸಮುದ್ರದ ನಡುವೆ ಯಾರೋ ಇಟ್ಟು ಮರೆತುಹೋದ ಹಾಗಿದೆ. ಬಂಡೆಯ ನೆತ್ತಿಯ ಮೇಲೆ ಚರ್ಚು, ಚರ್ಚಿನ ಬೆನ್ನಿಗೆ ಸ್ಮಶಾನ, ಅಲ್ಲಿಂದ ದೋಣಿಕಟ್ಟೆಯವರೆಗೆ ಕಡಿದಾದ ಮೆಟ್ಟಿಲು. ಮೇಲಿನ ಬೀದಿಯಲ್ಲಿ ದೋಣಿ ಇರುವವರ ಮನೆಗಳು. ಕೆಳಗೆ, ಅಲೆಯ ಎಂಜಲು ಸಿಡಿಯುವ ಕಡೆ, ನಾವು. ನಮ್ಮನ್ನು ಮಣ್ಣಿನವರು ಅನ್ನುತ್ತಾರೆ. ದ್ವೀಪದಲ್ಲಿ ಮಣ್ಣಿಲ್ಲ. ಮಣ್ಣಿನವರು ಮಾತ್ರ ಇದ್ದಾರೆ.

ಬೇರೆ ಊರುಗಳಲ್ಲಿ ಗೋರಿ ತೋಡುತ್ತಾರೆ. ನಮ್ಮಲ್ಲಿ ತುಂಬಿಸುತ್ತಾರೆ. ಬಂಡೆಯ ಮೇಲೆ ಎದೆಯೆತ್ತರ ಗೋಡೆ ಕಟ್ಟಿ, ಆಚೆ ದಡದ ಹೊಳೆಯಂಚಿನಿಂದ ಮಣ್ಣು ತಂದು ಸುರಿದು, ತೊಟ್ಟಿಯಂತೆ ತುಂಬಿಸಿದ ಸ್ಮಶಾನ ಅದು. ಮಳೆಗೆ, ಗಾಳಿಗೆ ಮಣ್ಣು ಕರಗುತ್ತದೆ. ಪ್ರತಿ ವರ್ಷ ಮತ್ತೆ ತುಂಬಿಸಬೇಕು. ತುಂಬಿಸುವುದು ನಮ್ಮ ಹೆಂಗಸರ ಕೆಲಸ. ಅದಕ್ಕೆ ಕೂಲಿ ಅನ್ನುವುದಿಲ್ಲ, ಸೇವೆ ಅನ್ನುತ್ತಾರೆ. ಸೇವೆ ಅಂದಮೇಲೆ ಕೈ ಚಾಚುವ ಹಾಗಿಲ್ಲ.

ಚರ್ಚಿಗೆ ನೂರು ವರ್ಷ ತುಂಬುತ್ತದೆ ಎಂದು ಈಗಿನ ಫಾದರ್ ಒಂದು ಪುಸ್ತಕ ಬರೆಯಲು ಕೂತಿದ್ದರು. ಒಳ್ಳೆಯ ಮನುಷ್ಯ, ಚಿಕ್ಕ ವಯಸ್ಸು, ಸಮುದ್ರ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಅವರ ಮನೆ ಗುಡಿಸುವುದು ನನ್ನ ಕೆಲಸ. ಹಿಂದಿನ ಪಾದ್ರಿಗಳ ಕಾಲದಿಂದ ಗುಡಿಸಿ ಗುಡಿಸಿ ಕಪಾಟಿನ ಪುಸ್ತಕಗಳೆಲ್ಲ ಓದಿ ಮುಗಿದಿದ್ದವು. ಆದ್ದರಿಂದ ಮೇಜಿನ ಮೇಲಿದ್ದ ಫಾದರ್ ಹಾಳೆಗಳನ್ನೂ ಓದುತ್ತಿದ್ದೆ. ಬಿರುಗಾಳಿ ಬಂತು, ದೋಣಿಗಳ ಯಜಮಾನರ ಮುತ್ತಜ್ಜ ಹರಕೆ ಹೊತ್ತ, ದೋಣಿ ಉಳಿಯಿತು, ಚರ್ಚು ಎದ್ದಿತು. ಎಲ್ಲ ಚೆನ್ನಾಗಿಯೇ ಇತ್ತು. ‘ಸ್ಮಶಾನಕ್ಕೆ ಮಣ್ಣು ತರಿಸಲಾಯಿತು’ ಎಂದು ಒಂದು ಸಾಲು ಇತ್ತು. ಮಣ್ಣು ತಾನೇ ದೋಣಿ ಹತ್ತಿ, ಮೆಟ್ಟಿಲು ಏರಿ, ಬೆವರು ಒರೆಸಿಕೊಂಡು ಒಳಗೆ ಹೋಗಿ ಮಲಗಿದ ಹಾಗೆ.

ಬಿಟ್ಟುಹೋದದ್ದು ಇಷ್ಟು. ಮೊದಲು ದ್ವೀಪದಲ್ಲಿ ಯಾರು ಸತ್ತರೂ ಮರಳಿಗೇ ಹಾಕುತ್ತಿದ್ದರು, ದೋಣಿಯವರಾದರೂ ಅಷ್ಟೇ, ನಾವಾದರೂ ಅಷ್ಟೇ. ಮೊದಲನೆಯ ಪಾದ್ರಿ ತೀರಿಕೊಂಡಾಗ ಸಮುದ್ರ ಎದ್ದಿತ್ತು, ಹೆಣ ಆಚೆ ದಡಕ್ಕೆ ಹೋಗುವ ಹಾಗಿರಲಿಲ್ಲ. ದೇವರ ಮನುಷ್ಯನನ್ನು ಮರಳಿಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಆಗ ನಮ್ಮ ಹೆಂಗಸರು ಬಂಡೆಯ ಬಿರುಕುಗಳಲ್ಲಿ ಕೂತಿದ್ದ ಮಣ್ಣನ್ನು ಉಗುರಿನಿಂದ ಕೆರೆದು, ಬುಟ್ಟಿಗೆ ತುಂಬಿ, ಮೇಲೆ ಹೊತ್ತು, ಅವರನ್ನು ಮುಚ್ಚಿದರು. ಗೋರಿ ನೋಡಲು ಚೆನ್ನಾಗಿತ್ತು. ದೋಣಿಯವರಿಗೆ ಆಸೆಯಾಯಿತು. ಗೋಡೆ ಎದ್ದಿತು. ಗೋಡೆ ಎದ್ದ ಮೇಲೆ ಒಳಗೆ, ಹೊರಗೆ ಎಂಬ ಎರಡು ಮಾತು ಹುಟ್ಟಿದವು. ಅವರು ಒಳಗೆ. ನಾವು ಮರಳಲ್ಲಿ.

ಗೇಟಿನ ನಿಯಮ ಸರಳ. ಬುಟ್ಟಿ ಹೊತ್ತು ಬಂದರೆ ಗೇಟು ತೆಗೆದೇ ಇರುತ್ತದೆ. ಯಾರಾದರೂ ನಮ್ಮನ್ನು ಹೊತ್ತು ತಂದರೆ ಗೇಟಿನ ಹೊರಗೆ ಇಳಿಸಬೇಕು. ಅಲ್ಲೇ ಪ್ರಾರ್ಥನೆ, ಅಲ್ಲೇ ನಾಲ್ಕು ಹನಿ ಪವಿತ್ರ ಜಲ, ಆಮೇಲೆ ಬಂದ ದಾರಿಯಲ್ಲೇ ಕೆಳಗೆ ಮರಳಿಗೆ.

ಮರಳು ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ದೊಡ್ಡ ಅಲೆಗಳ ತಿಂಗಳಲ್ಲಿ ನಮ್ಮವರು ಮೇಲೆ ಬರುತ್ತಾರೆ. ನಾವು ಹೋಗಿ ಮತ್ತೆ ಮುಚ್ಚಿ, ಕಲ್ಲು ಹೇರಿ ಬರುತ್ತೇವೆ. ನನ್ನ ದೊಡ್ಡಪ್ಪ ಎರಡು ಸಲ ಬಂದ. ಎರಡನೆಯ ಸಲ ದೊಡ್ಡಮ್ಮನೇ ಹೋಗಿ ಮುಚ್ಚಿದಳು. ಬದುಕಿದ್ದಾಗಲೂ ಇವನು ಹಾಸಿಗೆಯಲ್ಲಿ ನೆಟ್ಟಗೆ ಮಲಗಿದವನಲ್ಲ ಎಂದು ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಆ ಮೇಲಿನದನ್ನು ನಾನು ನೋಡಿಲ್ಲ, ಕೇಳಿಸಿಕೊಂಡೆ.

ನನ್ನನ್ನು ಸಾಕಿದವಳು ಈ ದೊಡ್ಡಮ್ಮ. ಅಮ್ಮನ ಅಕ್ಕ. ಅವಳ ನೆತ್ತಿಯಲ್ಲಿ ಕೂದಲಿರಲಿಲ್ಲ. ನಮ್ಮ ಯಾವ ಹೆಂಗಸಿಗೂ ಇಲ್ಲ, ನನಗೂ ಇಲ್ಲ. ಬುಟ್ಟಿಯಡಿಯ ಬಟ್ಟೆಯ ಸಿಂಬೆ ಕೂತು ಕೂತು ಅಲ್ಲಿ ಚರ್ಮ ಹಿಮ್ಮಡಿಯಂತಾಗಿದೆ. ಕಪಾಟಿನ ಪುಸ್ತಕವೊಂದರಲ್ಲಿ ಹಳೆಯ ಕಾಲದ ಸನ್ಯಾಸಿಗಳ ಚಿತ್ರ ಇತ್ತು, ಅವರೂ ನೆತ್ತಿ ಬೋಳಿಸಿಕೊಳ್ಳುತ್ತಿದ್ದರಂತೆ. ಅದನ್ನು ದೊಡ್ಡಮ್ಮನಿಗೆ ತೋರಿಸಿದ್ದೆ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿ, ಇವರು ಏನು ಹೊರುತ್ತಿದ್ದರು ಎಂದು ಕೇಳಿದಳು.

ಕೆಲಸ ಹೀಗೆ. ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕು. ಹೊಳೆಯಂಚಿನ ಮಣ್ಣು ಅಗೆಯಬೇಕು. ಅದು ಹಸಿ ಮಣ್ಣು, ಬುಟ್ಟಿಯ ತಳದಿಂದ ಕೆಸರು ಹಣೆಗೆ, ಕಣ್ಣಿಗೆ, ಬಾಯಿಗೆ ಇಳಿಯುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಡೆದು ದೋಣಿಗೆ ತುಂಬಬೇಕು. ಈಚೆ ಬಂದು ಮತ್ತೆ ಹೊತ್ತು ಮೆಟ್ಟಿಲು ಹತ್ತಬೇಕು. ಹತ್ತುವಾಗ ಕತ್ತು ತಿರುಗಿಸುವ ಹಾಗಿಲ್ಲ. ಮುಂದಿನವಳ ಹಿಮ್ಮಡಿಯೇ ಲೋಕ. ದೊಡ್ಡಮ್ಮ ಹೀಗೆ ಹೊರುತ್ತಲೇ ಎರಡು ಮಕ್ಕಳನ್ನು ಕಳೆದುಕೊಂಡಳು, ಹುಟ್ಟುವ ಮೊದಲೇ. ಅವನ್ನೂ ಮರಳಿಗೇ ಹಾಕಿದ್ದು. ಅವು ಮೇಲೆ ಬರಲಿಲ್ಲ, ಅಷ್ಟು ಚಿಕ್ಕವು.

ಈ ಸಲ ಚರ್ಚಿನ ನೂರರ ಹಬ್ಬಕ್ಕೆ ಬಿಷಪ್ ಬರುವವರಿದ್ದರು. ಸ್ಮಶಾನ ತುಂಬಿ ತುಳುಕುವಂತೆ ಕಾಣಬೇಕು ಎಂದು ಯಜಮಾನರ ಅಪ್ಪಣೆ. ಯಜಮಾನರು ಅಂದರೆ ದೋಣಿಗಳ ಒಡೆಯರು, ಚರ್ಚಿನ ಸಮಿತಿಯ ಹಿರಿಯರು. ಎಂದೂ ಕೂಗಾಡಿದವರಲ್ಲ. ಹಿಂದೊಮ್ಮೆ ನಮ್ಮ ಸೋದರಮಾವನೊಬ್ಬ ತನ್ನ ತಾಯಿಗೆ ಗೋಡೆಯೊಳಗೆ ಜಾಗ ಕೇಳಿದ್ದ. ಯಜಮಾನರು ಬೈಯಲಿಲ್ಲ, ಹೊಡೆಯಲಿಲ್ಲ. ಜಾಗ ಇಲ್ಲಪ್ಪ ಅಂದರು. ಆಮೇಲೆ ಅವನಿಗೆ ದೋಣಿಯಲ್ಲೂ ಜಾಗ ಇಲ್ಲವಾಯಿತು. ಕೆಲಸಕ್ಕೆ ಹೋಗಲು ಜಾಗ ಇಲ್ಲ, ಹಿಟ್ಟು ತರಲು ಜಾಗ ಇಲ್ಲ, ಜ್ವರ ಬಂದ ಮಗುವನ್ನು ಆಚೆ ದಡದ ಡಾಕ್ಟರ ಹತ್ತಿರ ಒಯ್ಯಲು ಜಾಗ ಇಲ್ಲ. ಮಗು ಹೋಯಿತು. ಮಾವ ಮೆಟ್ಟಿಲು ಹತ್ತಿ ಹೋಗಿ ಯಜಮಾನರ ಕಾಲು ಮುಟ್ಟಿ ಬಂದ. ಮರುದಿನ ದೋಣಿಯಲ್ಲಿ ಜಾಗ ಇತ್ತು.

ದ್ವೀಪದಲ್ಲಿ ಹಠ ಹಿಡಿಯುವುದು ಅಂದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಲೆ ಹಚ್ಚಿದ ಹಾಗೆ. ಮೊದಲು ಕೆಮ್ಮುವವರು ನಾವೇ.

ದೊಡ್ಡಮ್ಮ ಈ ವಯಸ್ಸಿನಲ್ಲಿ ಹೊರಬೇಕಾಗಿರಲಿಲ್ಲ. ಆದರೆ ನಮ್ಮಲ್ಲಿ ಹೊರದವರಿಗೆ ಗೇಟಿನ ಪ್ರಾರ್ಥನೆಯೂ ಇಲ್ಲ ಎಂಬ ಭಯ ಇದೆ. ಯಾರೂ ಹಾಗೆ ಹೇಳಿಲ್ಲ, ಯಾರೂ ಅಲ್ಲವೆಂದೂ ಹೇಳಿಲ್ಲ. ಮೊದಲ ದೋಣಿಯ ಮಣ್ಣು ಹೊರುತ್ತಿದ್ದ ದಿನ ನಾನು ಅವಳ ಹಿಂದೆ ಇದ್ದೆ. ಅವಳ ಹಿಮ್ಮಡಿ ಒಂದು ಮೆಟ್ಟಿಲ ಮೇಲೆ ನಿಂತುಬಿಟ್ಟಿತು. ಮುಂದೆ ಹೋಗಲಿಲ್ಲ. ಆಮೇಲೆ ಬುಟ್ಟಿ, ಅವಳು, ಮಣ್ಣು, ಎಲ್ಲ ಒಟ್ಟಿಗೆ ನನ್ನ ಮೇಲೆ ಬಂತು.

ಮನೆಗೆ ತಂದು ಮಲಗಿಸಿದೆವು. ಸೊಂಟ ಮುರಿದಿತ್ತು. ದೋಣಿ ಕೇಳಿದ್ದಕ್ಕೆ, ಹಬ್ಬದ ಸಾಮಾನು ಬರುತ್ತಿದೆ, ಜಾಗ ಇಲ್ಲ ಎಂದರು. ಯಾರನ್ನೂ ಬಿಡದ ಅದೇ ಮಾತು, ಅದೇ ಮೃದು ದನಿ.

ಫಾದರ್ ಬಂದರು. ನಮ್ಮ ಮನೆಯ ಬಾಗಿಲು ತಗ್ಗು, ಅವರ ಹಣೆ ತಾಗಿತು. ದೊಡ್ಡಮ್ಮನೇ ನೋವಾಯಿತಾ ಎಂದು ಕೇಳಿದಳು. ಪ್ರಾರ್ಥನೆ ಮುಗಿದ ಮೇಲೆ ಅವರ ಕೈ ಹಿಡಿದುಕೊಂಡು, ತನ್ನನ್ನು ಮರಳಿಗೆ ಹಾಕಬೇಡಿ, ತಾನು ಹೊತ್ತ ಮಣ್ಣಲ್ಲಿ ಇಡಿ ಎಂದಳು. ಫಾದರ್ ಮುಖ ಕೆಂಪಾಯಿತು. ಮಣ್ಣಾದರೇನು ಮರಳಾದರೇನು, ದೇವರಿಗೆ ಎಲ್ಲ ಒಂದೇ, ಕಡೆಯ ದಿನ ನಾವೆಲ್ಲ ಎದ್ದೇಳುತ್ತೇವೆ ಎಂದು ಸಮಾಧಾನ ಹೇಳಿದರು.

“ಏಳೋದು ಆಮೇಲೆ ಫಾದರ್,” ಅಂದಳು ದೊಡ್ಡಮ್ಮ. “ಮೊದಲು ಮಲಗೋದು ಹೇಳಿ.”

ಫಾದರ್ ಹಣೆ ಉಜ್ಜಿಕೊಂಡರು. ಹಬ್ಬ ಮುಗಿಯಲಿ, ಸಮಿತಿಯ ಮುಂದೆ ಇಡೋಣ ಅಂದರು. ಅವರು ಹೋದ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕರೆದಳು.

“ಸಮಿತಿ ಮುಂದೆ ಇಡ್ತಾರಂತೆ ಮಗಳೇ. ಅಲ್ಲೀವರೆಗೆ ನಾನು ಕೊಳೀದೆ ಇರಬೇಕು.”

ನಗು ಬಂತು. ನಕ್ಕೆವು. ನಗುವಾಗ ಅವಳ ಸೊಂಟ ಅಲುಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಮೆಲ್ಲಗೆ ಹೇಳಿದಳು. “ನನ್ನನ್ನ ಎರಡೆರಡು ಸಲ ಮುಚ್ಚೋ ಕೆಲಸ ನಿನಗೆ ಬೇಡ. ಒಂದೇ ಸಲ ಸರಿಯಾಗಿ ಮುಚ್ಚು.” ಹೂಂ ಅಂದೆ. ಹೂಂ ಅನ್ನುವಾಗ ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನವರು ಬಿಷಪ್ ಬರುವ ದಾರಿಗೆ ಸುಣ್ಣ ಬಳಿಸಿದರು. ಮೆಟ್ಟಿಲುಗಳೆಲ್ಲ ಬೆಳ್ಳಗೆ, ಹಲ್ಲುಜ್ಜಿದ ಹಾಗೆ. ಅದೇ ಹೊತ್ತಿಗೆ ನಾವು ಕೊನೆಯ ದೋಣಿಯ ಮಣ್ಣು ತಂದು ನಿಂತಿದ್ದೆವು. ಯಜಮಾನರು ಮೆಟ್ಟಿಲ ಮೇಲಿಂದಲೇ ಕೈ ಅಡ್ಡ ಮಾಡಿದರು. ಕೆಸರು ಕಾಲಲ್ಲಿ ಸುಣ್ಣದ ಮೇಲೆ ಹತ್ತಬೇಡಿ, ಮಣ್ಣು ಕೆಳಗೇ ಇರಲಿ, ಬಿಷಪ್ ಬಂದುಹೋದ ಮೇಲೆ ಹೊತ್ತರಾಯಿತು. ಅಷ್ಟು ಮಣ್ಣನ್ನು ದೋಣಿಕಟ್ಟೆಗೂ ಮೆಟ್ಟಿಲಿಗೂ ನಡುವಿನ ಚಪ್ಪಟೆ ಬಂಡೆಯ ಬದಿಗೆ ಸುರಿದೆವು. ಚೆನ್ನಾಗಿರಲ್ಲ ಅಂತ ಅದರ ಮೇಲೆ ಹಾಯಿಬಟ್ಟೆ ಹೊದಿಸಿದರು. ನೂರು ವರ್ಷದಲ್ಲಿ ಮಣ್ಣು ಒಂದು ರಾತ್ರಿಯೂ ಕೆಳಗೆ ನಿಂತದ್ದಿಲ್ಲ.

ಬಿಷಪ್ ಬರುವ ಹಿಂದಿನ ದಿನ ಬೆಳಗ್ಗೆ ದೊಡ್ಡಮ್ಮ ಹೋದಳು. ನೀರು ಬೇಕಾ ಎಂದು ಕೇಳಿದೆ, ಉತ್ತರ ಬರಲಿಲ್ಲ.

ತೊಳೆಯುವಾಗ ನೋಡಿದೆ. ಕತ್ತು ಹೆಗಲೊಳಗೆ ಇಳಿದುಹೋಗಿತ್ತು. ಬೆನ್ನುಮೂಳೆಯ ಗಂಟುಗಳ ಮೇಲೆ ಚರ್ಮ ಒಡೆದು ಒಣಗಿದ ಗುರುತು. ಉಗುರಿನ ಸಂದಿಯ ಮಣ್ಣು ಎಷ್ಟು ಉಜ್ಜಿದರೂ ಹೋಗಲಿಲ್ಲ. ಬಿಟ್ಟೆ.

ಯಜಮಾನರಿಂದ ಹೇಳಿಕಳಿಸಿದ್ದು ಬಂತು. ಇವತ್ತೇ ಮುಗಿಸಬೇಕು. ಮೆಟ್ಟಿಲ ಸುಣ್ಣ ಇನ್ನೂ ಹಸಿ ಇದೆ, ಹೆಣ ಮೇಲೆ ತರುವುದು ಬೇಡ, ಫಾದರ್ ಕೆಳಗೇ ಬಂದು ಪ್ರಾರ್ಥನೆ ಮಾಡುತ್ತಾರೆ. ನೂರು ವರ್ಷ ಸೇವೆ ಮಾಡಿ ಉಳಿದದ್ದು ಆ ಗೇಟಿನ ಹೊರಗಿನ ಜಾಗ. ಇವತ್ತು ಅದೂ ಇಲ್ಲ.

ನಮ್ಮ ಗಂಡಸರು ಯಾರೂ ಇರಲಿಲ್ಲ. ಬಿಷಪ್‌ರನ್ನು ಕರೆತರುವ ದೋಣಿಗೆ ಹುಟ್ಟು ಹಾಕಲು ಅವರನ್ನು ಒಯ್ದಿದ್ದರು. ಹಾಗಾಗಿ ದೊಡ್ಡಮ್ಮನನ್ನು ನಾವು ಹೆಂಗಸರೇ ಹೊತ್ತೆವು. ಹೊರುವುದು ನಮಗೆ ಹೊಸದಲ್ಲ. ಅವಳು ಅರ್ಧ ಬುಟ್ಟಿ ಮಣ್ಣಿಗಿಂತ ಹಗುರ ಇದ್ದಳು.

ಚಪ್ಪಟೆ ಬಂಡೆಯ ಮೇಲೆ ಇಳಿಸಿದೆವು. ಫಾದರ್ ಕೆಳಗಿನ ಮೆಟ್ಟಿಲಲ್ಲಿ, ಸುಣ್ಣ ಕಾಲಿಗೆ ತಾಗದ ಹಾಗೆ ಹಲಗೆಯ ಮೇಲೆ ನಿಂತರು. ಅವರ ಹಿಂದೆ ಯಜಮಾನರು, ಅವರ ಹಿಂದೆ ಮೇಲಿನ ಬೀದಿಯ ಹತ್ತಾರು ಜನ. ಎಲ್ಲರೂ ಹಲಗೆಯ ಮೇಲೆ, ಕೊಕ್ಕರೆಗಳ ಹಾಗೆ. ಪ್ರಾರ್ಥನೆ ಬೇಗ ಮುಗಿಯಿತು. ಪವಿತ್ರ ಜಲ ಗಾಳಿಗೆ ಅರ್ಧ ನಮ್ಮ ಮೇಲೆ ಬಿತ್ತು. ಫಾದರ್ ಪುಸ್ತಕ ಮುಚ್ಚಿದರು. ಈಗ ಎತ್ತಬೇಕು, ಎಡಕ್ಕೆ ತಿರುಗಬೇಕು, ಮರಳಿಗೆ ಇಳಿಯಬೇಕು. ನೂರು ವರ್ಷದಿಂದ ಕಾಲಿಗೇ ಗೊತ್ತಿರುವ ದಾರಿ.

ನನ್ನ ಕಾಲು ಏಳಲಿಲ್ಲ.

ಧೈರ್ಯ ಎಂದು ಆಮೇಲೆ ಕೆಲವರು ಹೇಳಿದರು. ಧೈರ್ಯ ಅಲ್ಲ. ಎಡಗಡೆ ಮರಳು, ಬಲಗಡೆ ನೀರು, ಎದುರು ಸುಣ್ಣ. ಎಲ್ಲಿಗೆ ಹೋಗುವುದು? ಬದಿಯಲ್ಲಿ ಹಾಯಿಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅದರ ಅಂಚು ಹಿಡಿದು ಎಳೆದೆ. ಮಣ್ಣು ಕಂಡಿತು. ಕಪ್ಪಗೆ, ಹಸಿಯಾಗಿ, ನಾವು ಸುರಿದ ಹಾಗೇ ಇತ್ತು.

“ಏನಮ್ಮಾ, ನಿಂತುಬಿಟ್ರಿ?” ಯಜಮಾನರು ಕೇಳಿದರು.

“ಇಲ್ಲೇ ಇಡ್ತೀವಿ,” ಅಂದೆ. “ಮಣ್ಣು ಇಲ್ಲಿದೆ.”

“ಅದು ಚರ್ಚಿನ ಮಣ್ಣು.”

“ಗೋಡೆ ದಾಟಿದ ಮೇಲೆ ಚರ್ಚಿಂದು. ದಾಟೋಕೆ ಮುಂಚೆ ನೀವೇ ನಿಲ್ಲಿಸಿದ್ದು.”

ಅವರು ಸಿಟ್ಟಾಗಲಿಲ್ಲ. ಅದೇ ಮೃದು ದನಿಯಲ್ಲಿ ನಮ್ಮ ಒಬ್ಬೊಬ್ಬರ ಮುಖ ನೋಡುತ್ತ ಹೇಳಿದರು. “ನಾಳೆಯಿಂದ ದೋಣೀಲಿ ಜಾಗ ಇರಲ್ಲ. ಯೋಚನೆ ಮಾಡಿ.”

ಯೋಚನೆ ಮಾಡಿದೆವು. ಮಾಡಲಿಲ್ಲ ಎಂದರೆ ಸುಳ್ಳು. ಮಗುವನ್ನು ಕಳೆದುಕೊಂಡ ಮಾವನ ಹೆಂಡತಿ ಅಲ್ಲಿದ್ದಳು. ನಾವು ಅವಳನ್ನು ಮೂಕಿ ಅನ್ನುತ್ತೇವೆ, ಮಗು ಹೋದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತೆಗೆದಳು.

“ಗೋಡೆ ಒಳಗೆ ಜಾಗ ಇಲ್ಲ. ದೋಣೀಲಿ ಜಾಗ ಇಲ್ಲ,” ಅಂದಳು. “ಇನ್ನು ಉಳಿದಿರೋದು ದಾರಿ ಒಂದೇ ಅಲ್ವಾ ಯಜಮಾನ್ರೇ. ದಾರೀಲೇ ಇಡ್ತೀವಿ.”

ದೊಡ್ಡಮ್ಮನ ಕಾಲ ಮೇಲೆ ಮೊದಲ ಮಣ್ಣು ಬಿತ್ತು.

ಅವಳ ತಲೆಯ ಕೆಳಗೆ ಅವಳದೇ ಸಿಂಬೆ ಇಟ್ಟೆ. ಸುತ್ತ ಕಲ್ಲು ಜೋಡಿಸಿದೆವು. ತುಂಬಿಸಿದೆವು. ಮೇಲಿನವರಲ್ಲಿ ಯಾರೋ ಒಬ್ಬ ತಡೆಯಲು ಹಲಗೆಯಿಂದ ಇಳಿದ. ಎರಡು ಹೆಜ್ಜೆ ಬಂದ, ಹೆಣ ನೋಡಿದ, ಕೆಸರು ನೋಡಿದ, ತನ್ನ ಹಬ್ಬದ ಪ್ಯಾಂಟು ನೋಡಿದ. ಅವರ ಮನೆಗಳಲ್ಲಿ ಹೆಣ ಮುಟ್ಟುವುದೂ ನಾವೇ, ಮಣ್ಣು ಮುಟ್ಟುವುದೂ ನಾವೇ. ಮಣ್ಣು ತೆಗೆದು ಅವಳನ್ನು ಎತ್ತಬೇಕೆಂದರೆ ಅದಕ್ಕೂ ನಮ್ಮನ್ನೇ ಕರೆಯಬೇಕು. ಅವನು ವಾಪಸು ಹಲಗೆ ಹತ್ತಿದ. ಫಾದರ್ ತಮ್ಮ ಬೂಟಿನ ಲೇಸು ನೋಡುತ್ತಿದ್ದರು.

ಮರುದಿನ ಬಿಷಪ್ ಬಂದರು. ವಯಸ್ಸಾದವರು, ಸಮುದ್ರದ ಕುಲುಕಾಟಕ್ಕೆ ಮುಖ ಹಸಿರಾಗಿತ್ತು. ಬ್ಯಾಂಡು ಬಾರಿಸುತ್ತಿತ್ತು. ದೋಣಿಯಿಂದ ಇಳಿದವರ ಎದುರಿಗೇ ಹೊಸ ಗೋರಿ, ಎರಡು ಕಟ್ಟಿಗೆ ಸೇರಿಸಿ ಕಟ್ಟಿದ ಶಿಲುಬೆ, ಬೋರಲು ಹಾಕಿದ ಬುಟ್ಟಿ. ಯಜಮಾನರು ಆ ಕಡೆಗೆ ಬೆನ್ನು ಕೊಟ್ಟು ಅಡ್ಡ ನಿಂತು ನಗುತ್ತಿದ್ದರು. ಬಿಷಪ್ ಅವರ ಹೆಗಲ ಮೇಲಿಂದ ಇಣುಕಿದರು. ಇಲ್ಲಿ ಬಂದವರನ್ನು ಮೊದಲು ಗೋರಿಯ ಮುಂದೆ ನಿಲ್ಲಿಸುವುದು ವಾಡಿಕೆ ಎಂದುಕೊಂಡರೋ ಏನೋ, ಟೋಪಿ ತೆಗೆದರು. ಬ್ಯಾಂಡು ನಿಂತಿತು. ಅವರು ಕಷ್ಟಪಟ್ಟು ಮಂಡಿಯೂರಿ, ಉದ್ದದ ಪ್ರಾರ್ಥನೆ ಮಾಡಿ, ಮಣ್ಣಿನ ಮೇಲೆ ಶಿಲುಬೆಯ ಗುರುತು ಹಾಕಿ, ಇದು ಯಾರು ಎಂದು ಕೇಳಿದರು.

ಫಾದರ್ ಉತ್ತರ ಕೊಟ್ಟರು. “ಸ್ಮಶಾನಕ್ಕೆ ಮಣ್ಣು ಹೊತ್ತವರು,” ಅಂದರು. ಅಷ್ಟೇ ಅಂದರು. ಆ ಮನುಷ್ಯನಿಗೆ ಅಷ್ಟು ಹೇಳುವುದೇ ಸಮುದ್ರ ದಾಟಿದಷ್ಟಾಗಿತ್ತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಬಿಷಪ್ ಆಶೀರ್ವದಿಸಿದ ಗೋರಿಯನ್ನು ಕೀಳುವುದು ಹೇಗೆ? ಕೀಳಲಿಲ್ಲ. ಹಬ್ಬ ಆಯಿತು, ಭಾಷಣ ಆಯಿತು, ಬಿಷಪ್ ಹೋದರು. ಯಜಮಾನರು ಮಾತಿಗೆ ತಪ್ಪುವವರಲ್ಲ. ದೋಣಿಯಲ್ಲಿ ಜಾಗ ಇಲ್ಲವಾಯಿತು.

ಈಗಲೂ ಇಲ್ಲ. ನಮ್ಮ ಗಂಡಸರ ಹುಟ್ಟುಗಳನ್ನು ಬೇರೆಯವರು ಹಾಕುತ್ತಾರೆ. ಆಚೆ ದಡದ ಹಿಟ್ಟು, ಎಣ್ಣೆ, ಔಷಧಿ ನಮ್ಮ ಕಣ್ಣೆದುರಿಗೇ ಇಳಿದು, ದೊಡ್ಡಮ್ಮನನ್ನು ಬಳಸಿ ಮೇಲೆ ಹೋಗುತ್ತವೆ. ಬಂಡೆಗೆ ಅಂಟಿದ ಚಿಪ್ಪುಮೀನು ಕೆರೆದು ತಿನ್ನುತ್ತಿದ್ದೇವೆ. ಮಕ್ಕಳ ಮೊಣಕೈ ಚೂಪಾಗಿವೆ. ಸಂಜೆ ಎಲ್ಲರೂ ಬಾಗಿಲಲ್ಲಿ ಕೂತು ಸಮುದ್ರ ನೋಡುತ್ತೇವೆ, ನಾಲ್ಕೂ ಕಡೆ ಅದೇ. ಕಾಲು ಮುಟ್ಟಿ ಬರೋಣ ಎಂದು ಮನೆಮನೆಯಲ್ಲಿ ಮಾತು ಏಳುತ್ತದೆ. ಎದ್ದು, ಕೆಮ್ಮಿ, ಮಲಗುತ್ತದೆ. ಮಾವ ಮಾತ್ರ ಆ ಮಾತು ಎತ್ತುವುದಿಲ್ಲ. ಅವನು ಒಮ್ಮೆ ಮುಟ್ಟಿ ನೋಡಿದವನು.

ದೊಡ್ಡ ಅಲೆಗಳ ತಿಂಗಳು ಬಂತು. ಅಲೆ ಚಪ್ಪಟೆ ಬಂಡೆಯನ್ನು ನೆಕ್ಕತೊಡಗಿತು. ಗೋರಿಯ ಅಂಚು ದಿನವೂ ಕುಸಿಯುತ್ತದೆ. ಮತ್ತೆ ತುಂಬಿಸಬೇಕು. ಮಣ್ಣು ತರಲು ದೋಣಿ ಇಲ್ಲ.

ಮಣ್ಣು ಎಲ್ಲಿದೆ ಎಂದು ನಮಗೆ ಗೊತ್ತಿತ್ತು.

ಹಾಡಹಗಲೇ ಹೋದೆವು. ಸಿಂಬೆ, ಬುಟ್ಟಿ, ಸಾಲು, ಎಲ್ಲ ಎಂದಿನ ಹಾಗೆ. ಗಂಟೆ ಬಾರಿಸುವವನು ನೋಡಿ ಗೇಟು ಇನ್ನೂ ಅಗಲಕ್ಕೆ ತೆಗೆದ. ಬುಟ್ಟಿ ಹೊತ್ತ ಹೆಂಗಸರನ್ನು ತಡೆಯುವುದು ನೂರು ವರ್ಷದಲ್ಲಿ ಯಾರಿಗೂ ಹೊಳೆದಿಲ್ಲ, ಅವನಿಗೂ ಹೊಳೆಯಲಿಲ್ಲ. ಸದ್ಯ ಬುದ್ಧಿ ಬಂತಲ್ಲ ನಿಮಗೆ ಎಂದು ನಕ್ಕ. ಒಳಗೆ ಹೋಗುವ ಬುಟ್ಟಿ ಖಾಲಿ, ಹೊರಗೆ ಬರುವುದು ತುಂಬಿದೆ ಎಂದು ತಿಳಿಯಲು ಮೇಲಿನ ಬೀದಿಗೆ ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಯಜಮಾನರ ಮುತ್ತಜ್ಜನ ಕಲ್ಲು ಒಂದು ಕಡೆಗೆ ವಾಲಿತ್ತು, ಯಾರದೋ ಮಾತಿಗೆ ಕಿವಿ ಕೊಟ್ಟ ಹಾಗೆ.

ಈಗ ಯಜಮಾನರು ಗೇಟಿಗೆ ಬೀಗ ಹಾಕಿಸಿದ್ದಾರೆ. ಗೋಡೆ ಎದೆಯೆತ್ತರ ತಾನೇ. ಮೂಕಿ ಒಳಗೆ ನಿಂತು ತುಂಬಿ ಕೊಡುತ್ತಾಳೆ, ನಾವು ಹೊರಗೆ ನಿಂತು ತಲೆಗೆ ಏರಿಸಿಕೊಳ್ಳುತ್ತೇವೆ. ಹೊಡೆದರೆ ಹೊಡೆಸಿಕೊಳ್ಳುತ್ತೇವೆ. ನಿನ್ನೆ ಒಬ್ಬಳಿಗೆ ಕಲ್ಲು ಬಿತ್ತು, ಬುಟ್ಟಿ ಇಳಿಸದೆ ರಕ್ತ ಒರೆಸಿಕೊಂಡಳು. ನಾವು ತೆಗೆದಷ್ಟೂ ಅವರ ಸ್ಮಶಾನ ತಗ್ಗುತ್ತದೆ. ಹಾಕಿದಷ್ಟೂ ಸಮುದ್ರ ತಿನ್ನುತ್ತದೆ. ಎಷ್ಟು ದಿನ ಎಂದು ಯಾರೂ ಕೇಳುವುದಿಲ್ಲ.

ಇವತ್ತು ಫಾದರ್ ಗೋಡೆಯ ಹತ್ತಿರ ಬಂದು ನಿಂತಿದ್ದರು. ಪುಸ್ತಕ ಅಚ್ಚಿಗೆ ಹೋಗುವುದಿದೆ, ಕೊನೆಯ ಅಧ್ಯಾಯ ಉಳಿದಿದೆ, ಇದನ್ನೆಲ್ಲ ಹೇಗೆ ಬರೆಯುವುದೋ ತಿಳಿಯುತ್ತಿಲ್ಲ ಎಂದರು.

“ಬರಿಯೋದು ಆಮೇಲೆ ಫಾದರ್,” ಅಂದೆ. “ಸ್ವಲ್ಪ ಕೈ ಹಾಕಿ, ಬುಟ್ಟಿ ಎತ್ತಿ ಕೊಡಿ.”

ಅವರು ಅತ್ತ ಇತ್ತ ನೋಡಿದರು. ಮೇಲಿನ ಬೀದಿಯ ಕಿಟಕಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಕತ್ತು ಕಾಯುವುದಿಲ್ಲ. ನಾನೇ ಎತ್ತಿಕೊಂಡು ಮೆಟ್ಟಿಲ ಕಡೆಗೆ ತಿರುಗಿದೆ. ಸುಣ್ಣ ಅಲ್ಲಲ್ಲಿ ಮಾಸಿ ಹಿಮ್ಮಡಿಗಳ ಗುರುತು ಬಿದ್ದಿದೆ, ಎಲ್ಲ ಕೆಳಮುಖ. ಇಷ್ಟು ವರ್ಷ ಹತ್ತಿದ ದಾರಿ, ಇಳಿಯುವುದು ಸುಲಭ ಎಂದುಕೊಂಡಿದ್ದೆ. ಮೊಣಕಾಲು ಒಪ್ಪುವುದಿಲ್ಲ.